ಮುಸುಕುಮಲ್ಲನ ಕೋಟು

ಕಥೆ ಹೇಳುವಾಗ ನಾನು ಹೂಂಗುಟ್ಟದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಹೂಂ ಅನ್ನೋರಿಲ್ದಿದ್ರೆ ರಾಜಕುಮಾರ ಕಾಡಲ್ಲೇ ನಿಂತಿರ್ತಾನೆ ಕಣೇ, ಆ ಪಾಪ ನಿನ್ಗೇ ಸುತ್ಕೊಳ್ಳೋದು" ಅನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಕಥೆ ಹೇಳುವವರೂ ಇಲ್ಲ, ಹೂಂ ಅನ್ನುವವರೂ ಇಲ್ಲ. ಅಪ್ಪನಿಗೆ ತೋಟ, ಅಮ್ಮನಿಗೆ ಒಲೆ. ಇಬ್ಬರೂ ಮಾತಿನಲ್ಲಿ ಜಿಪುಣರು. ನನ್ನ ಪಾಲಿಗೆ ಉಳಿದವಳು ಹಸೀನಾ ಒಬ್ಬಳೇ.

ನೊಣವಿನಕೆರೆಯ ನಮ್ಮ ಬೀದಿಯ ಕೊನೆಗೆ ಅವಳಪ್ಪ ಖಾಸಿಂ ಸಾಬರ ಟೈಲರ್ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪ ಹೊಲಿದ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕುವುದು ಹಸೀನಾಳ ಕೆಲಸ. ನಾನು ತಿಪಟೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಬರುವಾಗ ಬಸ್ ಸ್ಟ್ಯಾಂಡಿನ ಪಕ್ಕದ ಮರುಳಪ್ಪನ ಬಾಡಿಗೆ ಪುಸ್ತಕದಂಗಡಿಯಿಂದ 'ಮುಸುಕುಮಲ್ಲ' ಕಾಮಿಕ್ಸ್ ತರುತ್ತಿದ್ದೆ. ಗೋಡೆಯಾಚೆಗೂ ಕಾಣುವ ಕಣ್ಣು, ಮಾಳಿಗೆಯಿಂದ ಮಾಳಿಗೆಗೆ ಹಾರುವ ಕಾಲು, ಮುಖಕ್ಕೆ ಕಪ್ಪು ಮುಸುಕು, ಮೈಮೇಲೆ ಉದ್ದನೆಯ ಕೋಟು. ಊರಿನ ಕಳ್ಳರೆಲ್ಲ ಅವನ ಕೈಗೆ ಸಿಗುತ್ತಿದ್ದರು. ಅವನು ಯಾರು ಅನ್ನುವುದೊಂದು ಮಾತ್ರ ಸಂಚಿಕೆಯಿಂದ ಸಂಚಿಕೆಗೆ ಮುಂದಕ್ಕೆ ಹೋಗುತ್ತಿತ್ತು.

ಹಸೀನಾ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಕೂಡಿಸಿಕೊಂಡು ಓದುವ ತಾಳ್ಮೆ ಅವಳಿಗಿರಲಿಲ್ಲ. ನಾನು ಓದುತ್ತಿದ್ದೆ, ಅವಳು ತುಟಿಯ ನಡುವೆ ಸೂಜಿ ಕಚ್ಚಿಕೊಂಡೇ ಹೂಂ ಅನ್ನುತ್ತಿದ್ದಳು. ಪುಟ ತಿರುಗಿಸಲು ಹೋದರೆ "ತಡಿಯೇ" ಎಂದು ಪುಸ್ತಕ ಕಿತ್ತುಕೊಂಡು ಚಿತ್ರ ನೋಡುತ್ತಿದ್ದಳು. ಜಗಳ ಶುರುವಾಗುತ್ತಿದ್ದುದು ಅಲ್ಲೇ.

"ಚಿತ್ರ ಇಲ್ದಿದ್ರೇ ಚೆನ್ನಾಗಿತ್ತು ಕಣೇ" ಅನ್ನುತ್ತಿದ್ದೆ ನಾನು. "ನಮ್ಮಜ್ಜಿ ಕಥೆ ರಾಕ್ಷಸನಿಗೆ ಯಾರು ಚಿತ್ರ ಬರೆದಿದ್ರು? ದಿನಕ್ಕೊಂದು ಮೂತಿ ಇರೋದು ಅವನಿಗೆ. ಇಲ್ನೋಡು, ಎಲ್ಲಾ ಕಳ್ಳರಿಗೂ ಒಂದೇ ಮೂಗು."

"ಮೂಗು ಬುಡು, ಆ ನೆರಳು ನೋಡು. ದೀಪ ಎಲ್ಲೈತೆ ಅಂತ ಬರೆದೇ ಇಲ್ಲ, ಆದ್ರೂ ಗೊತ್ತಾಗುತ್ತೆ. ನಿಮ್ಮಜ್ಜಿ ಬಾಯಲ್ಲಿ ಹೇಳಕ್ಕಾಗ್ತಿತ್ತಾ ಇದು?"

"ನಮ್ಮಜ್ಜಿ ಅಟ್ಟದ ಕಾಯಿನ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡ್ಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟೈತಾ ಇಲ್ವಾ ಹೇಳೋಳು. ಒಳಗಿರೋದನ್ನ ಕೇಳ್ಬೇಕು, ನೋಡಕ್ಕಾಗಲ್ಲ."

"ಕಾಯಿಗೆ ಗುಂಡಿ ಇಲ್ವಲ್ಲ, ಅದಕ್ಕೆ" ಅಂದಳು ಒಂದು ದಿನ. "ಈ ಮುಸುಕುಮಲ್ಲನ ಕೋಟಿಗೈತೆ. ನೋಡು."

ನೋಡಿದೆ. ನನಗೇನೂ ಕಾಣಲಿಲ್ಲ.

"ಗಂಡಸರ ಅಂಗೀಲಿ ಎಡಗಡೆ ಪಟ್ಟಿ ಮೇಲೆ ಬರುತ್ತೆ, ಹೆಂಗಸರದ್ರಲ್ಲಿ ಬಲಗಡೇದು. ಇವನ ಕೋಟಲ್ಲಿ ಬಲಗಡೇದು ಮೇಲೈತೆ. ಮುಸುಕಿನೊಳಗಿರೋದು ಹೆಂಗಸು ಕಣೇ."

"ಬರೆಯೋನಿಗೆ ತಪ್ಪಾಗಿರುತ್ತೆ ಬುಡು."

"ಎಲ್ಲಾ ಪುಟದಲ್ಲೂ ತಪ್ಪಾಗುತ್ತಾ? ಅವನೇನು ಹುಟ್ಟಿದಾಗಿಂದ ಕಂಬಳಿ ಹೊದ್ಕೊಂಡೇ ಓಡಾಡ್ತಿದ್ನಾ?"

ಆ ಜಗಳ ಒಂದು ಬೇಸಿಗೆ ದಾಟಿ ಮಳೆಗಾಲಕ್ಕೂ ನಡೆಯಿತು. ನಿಜ ಹೇಳಬೇಕೆಂದರೆ, ಬಸ್ಸಿನ ಕಿಟಕಿಯ ಪಕ್ಕ ಕೂತು ತೆಂಗಿನ ತಲೆಗಳನ್ನು ನೋಡುವಾಗ, ಆ ಕೋಟು ತೊಟ್ಟು ಸುಳಿಯಿಂದ ಸುಳಿಗೆ ಹಾರುತ್ತಿದ್ದವಳು ನಾನೇ. ಹಸೀನಾಳ ಮುಂದೆ ಮಾತ್ರ ಒಪ್ಪಲಿಲ್ಲ. ಒಪ್ಪಿದರೆ ಮಾತು ಮುಗಿದುಹೋಗುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಅರಸೀಕೆರೆಯ ಗಂಡು ನಿಶ್ಚಯವಾಯಿತು. ಮುಂದಿನ ಸಂಚಿಕೆಯಲ್ಲಿ ಮುಸುಕುಮಲ್ಲ ಮುಸುಕು ತೆಗೆಯುತ್ತಾನೆ ಎಂದು ಹಿಂದಿನದರಲ್ಲಿ ಅಚ್ಚಾಗಿತ್ತು. ಮದುವೆಯ ಹಿಂದಿನ ದಿನ ಮೆಹಂದಿ ಕೈಯನ್ನು ಗಾಳಿಗೆ ಹಿಡಿದುಕೊಂಡು ಹಸೀನಾ ಹೇಳಿದಳು: "ನಾನು ಬರೋವರ್ಗೂ ಓದಬೇಡ. ಓದಿದ್ರೆ ನಿನ್ನ ಮುಖ ನೋಡಿದ್ ತಕ್ಷಣ ಗೊತ್ತಾಗುತ್ತೆ ನಂಗೆ."

ಓದಲಿಲ್ಲ. ಮರುಳಪ್ಪನಿಗೆ ಹೇಳಿ ಇರಿಸಿಕೊಂಡು, ಅಟ್ಟದ ಮೇಲೆ ಕಾಯಿ ರಾಶಿಯ ಹಿಂದೆ ಇಟ್ಟೆ. ಆಗಾಗ ಹತ್ತಿ ಮೇಲಿನ ರಟ್ಟು ನೋಡಿ ಇಳಿಯುತ್ತಿದ್ದೆ. ಒಣಗುತ್ತಿದ್ದ ಕಾಯಿಗಳ ಮಧ್ಯೆ ಆ ಪುಸ್ತಕವೂ ಒಳಗೊಳಗೇ ಏನೋ ಆಗುತ್ತಿದೆ ಅನ್ನಿಸುತ್ತಿತ್ತು.

ಮದುವೆಯಾದ ಮೇಲಿನ ಶುಕ್ರವಾರಗಳಲ್ಲಿ ಗಂಡುಹೆಣ್ಣನ್ನು ಕರೆದು ಮಾಡುವ ಜುಮ್ಮಗಿ ಊಟಕ್ಕೆ ಹಸೀನಾ ಬಂದಳು. ಮನೆ ತುಂಬ ನೆಂಟರು. ಹೊಲಿಗೆ ಮೆಷಿನ್ನಿನ ಹಿಂದೆ ಒಂದಿಷ್ಟು ಜಾಗ ಸಿಕ್ಕಿತು. ನಾನು ಓದಿದೆ. ಅವಳು ಹೂಂ ಅಂದಳು. ಬಾಯಲ್ಲಿ ಸೂಜಿ ಇರಲಿಲ್ಲ, ಕಣ್ಣು ಬಾಗಿಲ ಕಡೆಗಿತ್ತು. ಆಚೆಯಿಂದ ಅವಳ ಗಂಡನ ನಗು ಕೇಳುತ್ತಿತ್ತು. ಪುಟ ತಿರುಗಿಸುವಾಗ ಬೇಕೆಂದೇ ತಡೆದೆ. ಅವಳು ಕಿತ್ತುಕೊಳ್ಳಲಿಲ್ಲ.

ಕೊನೆಯ ಪುಟದಲ್ಲಿ ಮುಸುಕು ಜಾರಿತು. ಪತ್ರಿಕೆ ಕಚೇರಿಯ ಗುಮಾಸ್ತ. ದಪ್ಪ ಮೀಸೆ.

"ಗಂಡಸೇ ಹಂಗಾದ್ರೆ" ಅಂದಳು ಹಸೀನಾ. "ನೀನೇ ಗೆದ್ದೆ ಬುಡು."

ಗೆಲ್ಲುವುದು ನನಗೆ ಬೇಕಿರಲಿಲ್ಲ. ಪುಸ್ತಕವನ್ನು ಅವಳ ಮಡಿಲಿಗೆ ತಳ್ಳಿದೆ. "ಕೋಟು ನೋಡೇ. ಈಗ್ಲೂ ಬಲಗಡೆ ಪಟ್ಟಿನೇ ಮೇಲೈತೆ. ಮೀಸೆ ಅಂಟಿಸ್ಕೊಂಡಿರ್ಬೋದಲ್ವಾ? ಮುಸುಕಿನ ಕೆಳಗೆ ಇನ್ನೊಂದು ಮುಸುಕು?"

ಅವಳು ನೋಡಿದಳು. ನೆಂಟರ ಮನೆಯಲ್ಲಿ ಯಾರದೋ ಮದುವೆಯ ಫೋಟೋ ಕೈಗೆ ಕೊಟ್ಟರೆ ನೋಡುತ್ತಾರಲ್ಲ, ಹಾಗೆ.

"ಬರೆಯೋನಿಗೆ ತಪ್ಪಾಗಿರುತ್ತೆ, ಗೌರಿ."

ಅದು ನನ್ನದೇ ಮಾತು. ಅಣಕಿಸುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದೆ. ಅಣಕವಿರಲಿಲ್ಲ. ಒಳಗಿನಿಂದ ಯಾರೋ ಕರೆದರು. "ಊಟ ಮಾಡ್ಕೊಂಡೇ ಹೋಗ್ಬೇಕು ನೀನು" ಎಂದು ನನ್ನ ಕೈ ಒತ್ತಿ ಎದ್ದುಹೋದಳು. ಹೋಗುವಾಗ ಮೆಷಿನ್ನಿನ ಮೇಲೆ ಕಾಜವಿಲ್ಲದೆ ಬಿದ್ದಿದ್ದ ಅಂಗಿಗಳನ್ನು ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿಸಿದಳು.

ಮರುದಿನ ಪುಸ್ತಕ ಹಿಂದಿರುಗಿಸಿದೆ.

"ಯಾರಂತಮ್ಮ ಕೊನೆಗೆ?" ಕೇಳಿದ ಮರುಳಪ್ಪ.

"ಇನ್ನೂ ಗೊತ್ತಾಗಿಲ್ಲ."

"ಇದೇ ಕೊನೇದಲ್ವಾ?" ಎಂದು ಅವನು ಪುಸ್ತಕ ತಿರುಗಿಸಿ ನೋಡುತ್ತಿದ್ದಂತೆ ನಾನು ಬಸ್ ಹತ್ತಿದೆ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೀಸೆ ಅಂಟಿಸಿಕೊಂಡು ಪತ್ರಿಕೆ ಕಚೇರಿಯಲ್ಲಿ ಕೂತವಳ ಕಥೆಯನ್ನು ಮನಸ್ಸಿನೊಳಗೇ ಶುರುಮಾಡಿದೆ. ಚೆನ್ನಾಗಿಯೇ ಬರುತ್ತಿತ್ತು. ಸಂಜೆಯಾಯಿತು, ಅವಳು ಕೋಟು ತೊಟ್ಟಳು, ಮಾಳಿಗೆಯ ಅಂಚಿಗೆ ಬಂದು ನಿಂತಳು. ಅಲ್ಲಿ ನಾನು ಒಂದು ಹೂಂಗಾಗಿ ಕಾದೆ.

ನಮ್ಮೂರ ಕೆರೆ ಏರಿ ಬಂದರೂ ಅವಳು ಅಲ್ಲೇ ನಿಂತಿದ್ದಳು.