ಅತ್ತೆಯ ಬೆರಳು

ಊರಿಗೆ ಊರೇ ಅವರನ್ನು ಅತ್ತೆ ಅಂತಲೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಯಾವುದೋ ಒಂದಿತ್ತು, ಬ್ಯಾಂಕಿನವರಿಗೆ ಬಿಟ್ಟರೆ ಅದು ಇನ್ಯಾರಿಗೂ ಬೇಕಾಗಿರಲಿಲ್ಲ. ಟೀವಿ ಧಾರಾವಾಹಿಯಲ್ಲಿ ವರ್ಷಾನುಗಟ್ಟಲೆ ಅತ್ತೆಯಾಗಿ ಸೊಸೆಯಂದಿರ ನೀರಿಳಿಸಿದ ಹೆಂಗಸು. ಅವರು ತೆರೆಯ ಮೇಲೆ ಹುಬ್ಬೇರಿಸಿದರೆ ಸಾಕು, ಸೋಫಾದ ಮೇಲೆ ಕಾಲು ಚಾಚಿ ಕೂತ ಗಂಡಸರು ತಮಗೇ ಗೊತ್ತಿಲ್ಲದೆ ಕಾಲು ಮಡಚುತ್ತಿದ್ದರು. ಹಾಗಾಗಿ ಚುನಾವಣಾ ಕಚೇರಿಯವರು ಕೊನೆಗೆ ಅವರ ಬಾಗಿಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಹೋದ ಸಲ ಅರ್ಧ ಊರು ಮತ ಹಾಕದೆ ಮುಸುಕು ಹೊದ್ದು ಮಲಗಿತ್ತು. ಈ ಸಲ ಮೊದಲು ಒಬ್ಬ ಫುಟ್‌ಬಾಲ್ ಆಟಗಾರನ ಕೈಲಿ ಹೇಳಿಸಿದರು, ಆಮೇಲೆ ಒಬ್ಬ ಗಾಯಕಿಯ ಕೈಲಿ ಹಾಡಿಸಿದರು. ಜನ ಆಟಗಾರನ ಕೂದಲು ನೋಡಿದರು, ಗಾಯಕಿಯ ಹಾಡು ಗುನುಗಿದರು. ಮತದ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವರು ಮುದ್ದು ಮಾಡಿದರೆ ಏಳೋ ಪೈಕಿ ಅಲ್ಲ, ಬೈಸಬೇಕು ಅಂತ ಕಚೇರಿಯಲ್ಲಿ ಯಾರಿಗೋ ಹೊಳೆಯಿತು. ಬೈಯೋದಕ್ಕೆ ಅತ್ತೆಗಿಂತ ಇನ್ಯಾರು ಬೇಕು?

ಆದರೆ ಈ ಕತೆ ಅತ್ತೆಯದಲ್ಲ. ಅವರ ಕುರ್ಚಿಯ ಹಿಂದೆ ಮಂಡಿಯೂರಿ ಕೂತಿದ್ದವಳದು. ಸ್ಟುಡಿಯೋದಲ್ಲಿ ಅವಳನ್ನು ಬಣ್ಣದಕ್ಕ ಅನ್ನುತ್ತಿದ್ದರು. ಅತ್ತೆಯ ಮುಖಕ್ಕೆ ಬಣ್ಣ ಹಚ್ಚುತ್ತಾ ಹಚ್ಚುತ್ತಾ ತನ್ನ ತಲೆ ಯಾವಾಗ ನರೆಯಿತು ಅನ್ನೋದೂ ಅವಳಿಗೆ ಗೊತ್ತಾಗಿರಲಿಲ್ಲ.

ಅವಳು ಕುರ್ಚಿಯ ಹಿಂದೆ ಕೂರೋದಕ್ಕೂ ಒಂದು ಕಾರಣ ಇತ್ತು. ಹೋದ ವರ್ಷದಿಂದ ಅತ್ತೆಯ ಎರಡೂ ಕೈ ನಡುಗುತ್ತಿದ್ದವು. ಡಾಕ್ಟರಿಗೆ ಗೊತ್ತು, ಬಣ್ಣದಕ್ಕನಿಗೆ ಗೊತ್ತು, ಮೂರನೆಯವರಿಗೆ ಗೊತ್ತಾದರೆ ಧಾರಾವಾಹಿ ಕೈಬಿಟ್ಟು ಹೋದ ಹಾಗೆಯೇ. ಮಾವನ ಪಾತ್ರ ಮಾಡುತ್ತಿದ್ದವರು ಮಾತು ಮರೆಯೋಕೆ ಶುರು ಮಾಡಿದಾಗ ನಿರ್ಮಾಪಕರು ಮರುವಾರವೇ ಕತೆಯಲ್ಲಿ ಅವರಿಗೆ ಹೃದಯಾಘಾತ ಮಾಡಿಸಿ, ಗೋಡೆ ಮೇಲೆ ಫೋಟೊ ಹಾಕಿಸಿ ಕೈತೊಳೆದುಕೊಂಡಿದ್ದರು. ಆ ಫೋಟೊ ಇನ್ನೂ ಸೆಟ್ಟಿನಲ್ಲಿ ತೂಗುತ್ತಿತ್ತು. ಅತ್ತೆ ದಿನಾ ಅದರ ಕೆಳಗೆ ಕೂತೇ ಸೊಸೆಯನ್ನು ಬೈಯಬೇಕಿತ್ತು.

ಅದಕ್ಕೇ ಈ ಇಬ್ಬರೂ ಒಂದು ಉಪಾಯ ಕಂಡುಕೊಂಡಿದ್ದರು. ಕ್ಯಾಮೆರಾ ಮುಖದ ಮೇಲಿದ್ದಾಗ ಅತ್ತೆ ಕೈಗಳನ್ನು ಶಾಲಿನೊಳಗೆ ಬಿಗಿಹಿಡಿದು ಕೂರೋದು. ಕೈಯನ್ನು ಹತ್ತಿರದಿಂದ ತೋರಿಸಬೇಕಾದಾಗ ಬಣ್ಣದಕ್ಕ ಹಿಂದಿನಿಂದ ಶಾಲಿನೊಳಗೆ ತೋಳು ತೂರಿಸಿ, ಅತ್ತೆಯ ಕಂಕುಳ ಕೆಳಗಿಂದ ತನ್ನ ಕೈ ಮುಂದೆ ಚಾಚೋದು. ಕಾಗದ ಹರಿದದ್ದು, ಬಾಗಿಲ ಚಿಲಕ ಹಾಕಿದ್ದು, ಸೊಸೆಯ ಕೆನ್ನೆಗೆ ಬಾರಿಸಿದ್ದು ಎಲ್ಲಾ ಅವಳ ಕೈಯೇ. ಅತ್ತೆಗೆ ಉಗುರು ಕಚ್ಚೋ ಚಟ, ಅದಕ್ಕೆ ಕೈ ತೋರಿಸೋದಿಲ್ಲ ಅಂತ ಸ್ಟುಡಿಯೋದಲ್ಲಿ ಸುದ್ದಿ ಬಿಟ್ಟಿದ್ದರು. ಯಾರೂ ಅನುಮಾನಪಡಲಿಲ್ಲ. ಆ ಕಸುಬಿನಲ್ಲಿ ದನಿ, ಕಾಲು, ಕೂದಲು ಎಲ್ಲವೂ ಎರವಲೇ, ಇನ್ನು ಕೈ ಯಾವ ಲೆಕ್ಕ?

ಚುನಾವಣೆಯ ಜಾಹೀರಾತಿನಲ್ಲೂ ಹೀಗೇ ಆಯಿತು. ಅತ್ತೆ ಕುರ್ಚಿಯಲ್ಲಿ ಕೂತು ಬೈಯಬೇಕು, ಕೊನೆಗೆ ಶಾಯಿ ಹಾಕಿಸಿಕೊಂಡ ಬೆರಳನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಬಣ್ಣದಕ್ಕ ತನ್ನ ಡಬ್ಬಿಯಿಂದ ನೀಲಿ, ಕಪ್ಪು ಬೆರೆಸಿ ತನ್ನ ಬೆರಳಿಗೆ ಹಚ್ಚಿಕೊಂಡಳು. ದೀಪದ ಬೆಳಕಿಗೆ ಅದು ಮಕ್ಕಳು ಜಾಮ್ ಮೆತ್ತಿಕೊಂಡ ಹಾಗೆ ಕಂಡಿತು. ಅವಳಿಗೆ ತಡೆಯಲಾಗಲಿಲ್ಲ. ತನ್ನ ಕೈಯಿಂದ ಹೋದ ಬಣ್ಣ ಸುಳ್ಳು ಅನ್ನಿಸಿಕೊಳ್ಳೋದೇ? ಅಲ್ಲೇ ನಿಂತಿದ್ದ ಚುನಾವಣಾ ಕಚೇರಿಯ ಅಧಿಕಾರಿಯ ಚೀಲದಲ್ಲಿ ಅಸಲಿ ಶಾಯಿಯ ಪುಟ್ಟ ಬಾಟಲಿ ಇತ್ತು.

"ಅದನ್ನ ಇಲ್ಲಿ ಕೊಡಿ ಸ್ವಾಮಿ," ಅಂದಳು.

ಅವರು ಕೊಟ್ಟರು. ಅದು ವಾರಗಟ್ಟಲೆ ಹೋಗೋದಿಲ್ಲ ಅಂತ ಅವರೇಕೆ ಹೇಳುತ್ತಾರೆ? ಇಷ್ಟು ವಯಸ್ಸಾದ ಹೆಂಗಸಿಗೆ ಅಷ್ಟೂ ಗೊತ್ತಿರೋದಿಲ್ಲವೇ ಅಂದುಕೊಂಡರು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಸಲವೂ ಮತ ಹಾಕಿದವಳಲ್ಲ, ಶಾಯಿ ಅವಳ ಬೆರಳು ಮುಟ್ಟಿದ್ದು ಅದೇ ಮೊದಲು. ಗಂಡನ ಬೆರಳಲ್ಲಿ ಆ ಕಲೆ ನೋಡಿದ್ದಳು, ಅವನು ತಿಕ್ಕಿ ತೊಳೆಯೋದಿಲ್ಲ, ಅದಕ್ಕೇ ಉಳಿದಿದೆ ಅಂದುಕೊಂಡಿದ್ದಳು. ಬಣ್ಣ ಅಂದಮೇಲೆ ಎಣ್ಣೆಗೆ ಬಗ್ಗಲೇಬೇಕು ಅನ್ನೋದಷ್ಟೇ ಅವಳ ಕಸುಬು ಅವಳಿಗೆ ಕಲಿಸಿದ್ದು.

ನಿರ್ದೇಶಕರಿಗೆ ಒಂದು ಸಲಕ್ಕೆ ತೃಪ್ತಿಯಾಗುತ್ತದೆಯೇ? ಮತ್ತೆ ಮತ್ತೆ ಹೇಳಿಸಿದರು. ಬಣ್ಣದಕ್ಕ ಶಾಲಿನ ಕತ್ತಲೆಯಲ್ಲಿ ಅತ್ತೆಯ ಬೆನ್ನಿಗೆ ಕೆನ್ನೆ ಆನಿಸಿ ಕೂತು ಪ್ರತಿ ಸಲವೂ ಕೇಳಿದಳು. "ನೀವು ಹೋಗದೆ ಕೂತರೆ ನಿಮ್ಮ ಬದಲು ಇನ್ಯಾರೋ ಕೈ ಎತ್ತುತ್ತಾರೆ. ಆಮೇಲೆ ನನ್ನ ಮುಂದೆ ಗೊಣಗಬೇಡಿ. ಏಳಿ, ಹೊರಡಿ." ಮೊದಮೊದಲು ಕೈ ಎತ್ತೋ ಹೊತ್ತು ತಪ್ಪಬಾರದು ಅನ್ನೋದೊಂದೇ ಅವಳ ಗಮನ. ಬರಬರುತ್ತಾ ಆ ಮಾತು ಒಳಗೆ ಎಲ್ಲೋ ತಾಗತೊಡಗಿತು. ಅವಳಿಗೆ ತನ್ನ ಗಂಡ ನೆನಪಾದ.

ಅವನು ಬಸ್ ಡ್ರೈವರ್ ಆಗಿದ್ದ. ಮತದಾನದ ದಿನ ಬೆಳಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿ, ಬಾಗಿಲಲ್ಲಿ ನಿಂತು "ಬರ್ತೀಯೇನೇ?" ಅಂತ ಪ್ರತಿ ಸಲವೂ ಕೇಳುತ್ತಿದ್ದ. "ನಾನೊಬ್ಬಳು ಹೋಗದಿದ್ರೆ ಏನು ಆಕಾಶ ಕಳಚಿ ಬೀಳುತ್ತಾ?" ಅಂತ ಅವಳು ಮಗ್ಗುಲು ಬದಲಿಸುತ್ತಿದ್ದಳು. ಅವನು ಒತ್ತಾಯ ಮಾಡಿದವನಲ್ಲ. ಹೋದ ಸಲ ಗೆದ್ದು ಬಂದ ನಗರಸಭೆಯವರು ಬೀದಿ ಕೊನೆಯಲ್ಲಿದ್ದ ಆಸ್ಪತ್ರೆಯನ್ನು ಮುಚ್ಚಿಸಿದರು. ಆಗಲೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ. ಅವನನ್ನು ಹಾಕಿಕೊಂಡು ಹೊರಟ ಕಾರು ಬೀಗ ಹಾಕಿದ ಆ ಆಸ್ಪತ್ರೆಯ ಮುಂದೆಯೇ ಹಾದುಹೋಯಿತು. ದೊಡ್ಡಾಸ್ಪತ್ರೆ ಹೊಳೆಯಾಚೆ. ಸೇತುವೆ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು, ಅವನ ತಲೆ ಅವಳ ಮಡಿಲಲ್ಲಿತ್ತು. ಸೇತುವೆ ದಾಟೋ ಮೊದಲೇ ಎಲ್ಲಾ ಮುಗಿದಿತ್ತು. ಆಕಾಶ ಬಿದ್ದದ್ದು ಬೇರೆಲ್ಲೂ ಅಲ್ಲ, ಅವಳ ಮಡಿಲಿಗೇ.

ಈ ಸಲ ಆ ಮುಚ್ಚಿದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸೊಬ್ಬಳು ಚುನಾವಣೆಗೆ ನಿಂತಿದ್ದಳು. ಗೆದ್ದರೆ ಬೀಗ ತೆಗೆಸುತ್ತೇನೆ ಅಂತ ಮನೆಮನೆ ತಿರುಗುತ್ತಿದ್ದಳು. ಅಲ್ಲೇ ಮಂಡಿಯೂರಿ, ತೋಳು ಮುಂದೆ ಚಾಚಿಕೊಂಡೇ ಬಣ್ಣದಕ್ಕ ಗಟ್ಟಿ ಮನಸ್ಸು ಮಾಡಿದಳು. ಈ ಸಲ ಹೋಗಬೇಕು. ಅವನು ಕರೆದಾಗಲಂತೂ ಹೋಗಲಿಲ್ಲ, ಈಗಲಾದರೂ ಹೋಗಬೇಕು.

ಮನೆಗೆ ಬಂದು ಎಣ್ಣೆ ಹಚ್ಚಿದಳು, ಕ್ರೀಮು ಹಚ್ಚಿದಳು, ನಿಂಬೆಹಣ್ಣು ತಿಕ್ಕಿದಳು. ಕಲೆ ಹೋಗೋ ಬದಲು ಇನ್ನೂ ಕಪ್ಪಗಾಯಿತು. ಇರಲಿ ಬಿಡು, ತಾನಾಗೇ ಹೋಗುತ್ತೆ ಅಂತ ಸುಮ್ಮನಾದಳು. ಮತದ ಚೀಟಿ ಕೊಡೋ ಮುಂಚೆ ಬೆರಳನ್ನೇ ಮೊದಲು ನೋಡುತ್ತಾರೆ ಅನ್ನೋದು, ಆ ಕಡೆ ತಲೆ ಹಾಕಿಯೂ ಮಲಗದವಳಿಗೆ ಹೊಳೆಯೋದಾದರೂ ಹೇಗೆ?

ಮತದಾನದ ದಿನ ಬೀದಿಯ ಇನ್ನೊಂದು ತುದಿಯ ಶಾಲೆಯ ಮುಂದೆ ಸಾಲು ತಿರುವಿನವರೆಗೂ ಬೆಳೆದಿತ್ತು. "ಅತ್ತೆ ಬೈದ್ರಲ್ಲ, ಬರದೆ ಇರೋಕಾಗುತ್ತಾ?" ಅಂತ ಜನ ನಗುತ್ತಿದ್ದರು. ಶಾಲೆಯ ಗೋಡೆ ಮೇಲೆ ಅತ್ತೆಯ ಆಳೆತ್ತರದ ಚಿತ್ರ ಅಂಟಿಸಿದ್ದರು. ಮುಂದೆ ಚಾಚಿದ ಬೆರಳು ಮುಖಕ್ಕಿಂತ ದೊಡ್ಡದಾಗಿತ್ತು. ಗೆಣ್ಣಿನ ಮೇಲೆ, ಕೂದಲು ಗುಂಗುರು ಮಾಡೋ ಕಬ್ಬಿಣ ತಗಲಿ ಬಣ್ಣದಕ್ಕನಿಗೆ ಆದ ಸುಟ್ಟ ಗಾಯದ ಗುರುತೂ ಸ್ಪಷ್ಟವಾಗಿತ್ತು. ಅವಳಿಗೆ ಒಳಗೊಳಗೇ ಒಂದು ತರಹ ಹೆಮ್ಮೆಯೂ ಆಯಿತು ಅನ್ನಿ.

ಮೇಜಿನ ಹಿಂದೆ ಕೂತವರು ಕನ್ನಡಕದ ಒಬ್ಬ ಮೇಷ್ಟ್ರು. ಅಂದಿನ ಮಟ್ಟಿಗೆ ಮತಗಟ್ಟೆಗೆ ಅವರೇ ಅಧಿಕಾರಿ. "ಕೈ ತೋರಿಸಿ ತಾಯಿ," ಅಂದರು. ತೋರಿಸಿದಳು. ಅವರ ಮುಖ ಗಂಟಿಕ್ಕಿತು.

"ಆಗಲೇ ಹಾಕಿದ್ದೀರಲ್ಲ?"

"ಇಲ್ಲ ಸ್ವಾಮಿ. ಈಗಷ್ಟೇ ಬಂದೆ."

"ಮತ್ತೆ ಇದೇನು?"

ಹಿಂದಿನಿಂದ ಯಾರೋ "ಎರಡನೇ ಸಲ ಹಾಕೋಕೆ ಬಂದಿದ್ದಾಳೆ" ಅಂದರು. ಇನ್ಯಾರೋ "ನೋಡೋಕೆ ಸಭ್ಯಸ್ಥೆಯ ಹಾಗಿದ್ದಾಳೆ" ಅಂದರು. ಕಿಟಕಿಯಾಚೆ ಗೋಡೆಯ ಚಿತ್ರ ಕಾಣುತ್ತಿತ್ತು. ತನ್ನ ಬೆರಳನ್ನು ಆ ಬೆರಳಿನ ಪಕ್ಕ ಹಿಡಿದರೆ ಸಾಕಿತ್ತು, ಸುಟ್ಟ ಗುರುತೇ ಸಾಕ್ಷಿ ಹೇಳುತ್ತಿತ್ತು. ಆದರೆ ಆಮೇಲೆ ಯಾಕೆ ಅಂತ ಕೇಳುತ್ತಾರೆ. ಅತ್ತೆಯ ಕೈಗೇನಾಗಿದೆ ಅಂತ ಕೇಳುತ್ತಾರೆ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಫೋನಿತ್ತು. ಅವಳು ತಲೆ ತಗ್ಗಿಸಿ ಹೊರಗೆ ನಡೆದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

ಕಾಲುಗಳು ತಾವಾಗಿಯೇ ಪಕ್ಕದ ಬೀದಿಗೆ, ಅತ್ತೆಯ ಮನೆಗೆ ಹೋದವು. ಅತ್ತೆ ಪರದೆ ಎಳೆದುಕೊಂಡು ಕೂತಿದ್ದರು. ಜ್ವರ ಅಂತ ಪತ್ರಿಕೆಯವರಿಗೆ ಹೇಳಿ ಕಳಿಸಿದ್ದರು. ಮತಗಟ್ಟೆಗೆ ಹೋದರೆ ಬೆರಳು ಚಾಚಬೇಕು, ಚಾಚಿದರೆ ನಡುಕ ಕಾಣುತ್ತದೆ. ಊರನ್ನೆಲ್ಲ ಎಬ್ಬಿಸಿ ಕಳಿಸಿದವರು ತಾವು ಮಾತ್ರ ಮನೆಯಲ್ಲೇ ಉಳಿದಿದ್ದರು.

ಬಣ್ಣದಕ್ಕ ನಡೆದದ್ದನ್ನು ಹೇಳಿದಳು.

"ಹೋಗ್ಲಿ ಬಿಡೇ, ಒಂದು ವೋಟು ತಾನೇ," ಅಂದರು ಅತ್ತೆ. "ಅದಕ್ಕೆ ಯಾಕಿಷ್ಟು ಅಳ್ತೀಯ?"

ತಾನು ಅಳುತ್ತಿದ್ದೇನೆ ಅನ್ನೋದು ಅವಳಿಗೆ ಆಗಲೇ ಗೊತ್ತಾದದ್ದು. ಇಷ್ಟು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡದವಳಿಗೆ ಅವತ್ತು ಕೋಪ ಉಕ್ಕಿತು.

"ನೀವು ಹೇಳಿದ್ದನ್ನ ಇಡೀ ಊರು ಕೇಳ್ತು ಅತ್ತೆ. ನಾನೂ ಕೇಳ್ದೆ. ನಿಮ್ಮ ಬೆನ್ನ ಹಿಂದೆ ಕೂತು ಎಲ್ಲರಿಗಿಂತ ಹತ್ತಿರದಿಂದ ಕೇಳ್ದೆ. ನಿಮ್ಮ ಬದಲು ನಾನು ಕೈ ಎತ್ತಿದ್ದಾಯ್ತು. ನನ್ನ ಬದಲು ಯಾರು ಎತ್ತುತ್ತಾರೆ? ನಮ್ಮ ಯಜಮಾನ್ರು ಅಷ್ಟು ಸಲ ಬಾ ಅಂದ್ರು, ನಾನು ಹೋಗ್ಲಿಲ್ಲ. ಈ ಸಲ ಹೋದ್ರೆ ಕಳ್ಳಿ ಅಂತ ಕಳಿಸಿದ್ರು."

ಅತ್ತೆ ಅವಳ ಬೆರಳಿನ ಕಲೆಯನ್ನು ನೋಡಿದರು. ಮಡಿಲಲ್ಲಿದ್ದ ಕೈಗಳು ಅವರ ಮಾತು ಕೇಳದೆ ಅಲುಗುತ್ತಿದ್ದವು.

"ಗೋಡೆ ಮೇಲಿನ ಬೆರಳು ನಂದೇ ಅಂತ ನೀನು ಹೇಳಬಹುದಿತ್ತಲ್ಲೇ?"

"ಹೇಳಿದ್ರೆ ಬರೋ ವಾರ ಗೋಡೆ ಮೇಲೆ ಮಾವನ ಪಕ್ಕ ನಿಮ್ಮ ಫೋಟೊ."

ಅತ್ತೆ ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದರು. ಬಣ್ಣದಕ್ಕ ಅಭ್ಯಾಸಬಲದಿಂದ ಶಾಲು ಮುಂದೆ ಹಿಡಿದಳು.

"ಅದು ಬೇಡ."

"ಮುಖಕ್ಕಾದ್ರೂ ಸ್ವಲ್ಪ ಪೌಡರು?"

"ಏನೂ ಬೇಡ. ನಡಿ."

ಶಾಲೆಯ ಮುಂದೆ ಜನ ಮೊದಲು ಅವರ ಗುರುತು ಹಿಡಿಯಲಿಲ್ಲ. ಬಣ್ಣವಿಲ್ಲದ ಮುಖವನ್ನು ಆ ಊರು ನೋಡಿರಲೇ ಇಲ್ಲ. ಗುರುತು ಹತ್ತಿದ ಮೇಲೆ ತಾವಾಗಿ ದಾರಿ ಬಿಟ್ಟರು, ಫೋನುಗಳು ಮೇಲೆದ್ದವು. ಅತ್ತೆ ನೇರ ಮೇಜಿನ ಮುಂದೆ ನಿಂತು ಎರಡೂ ಕೈ ಎತ್ತಿ ಹಿಡಿದರು.

"ನೋಡ್ಕೊಳ್ಳಿ. ನನ್ನ ಕೈ ಅಂದ್ರೆ ಇದು. ಗೋಡೆ ಮೇಲಿರೋದು ಇವಳದು. ಇವಳು ಇವತ್ತು ವೋಟು ಹಾಕಿಲ್ಲ, ನನ್ನ ಮಾನ ಕಾಯೋಕೆ ಸುಮ್ಮನೆ ಹೋದ್ಲು."

ಮೇಷ್ಟ್ರು ಎದ್ದು ಹೊರಗೆ ಹೋಗಿ ಚಿತ್ರ ನೋಡಿ ಬಂದರು. ಬಣ್ಣದಕ್ಕನ ಗೆಣ್ಣಿನ ಗುರುತು ನೋಡಿದರು. ಮೇಲಿನವರಿಗೆ ಫೋನ್ ಮಾಡಿದರು. ಮಾತು ಮುಗಿಸಿ ಕನ್ನಡಕ ತೆಗೆದು ಒರೆಸುತ್ತಾ ನಿಂತರು.

"ನಾನು ನಂಬ್ತೀನಿ ತಾಯಿ. ಆದ್ರೆ ಶಾಯಿ ಇರೋ ಕೈಗೆ ಚೀಟಿ ಕೊಡೋ ಅಧಿಕಾರ ನನಗಿಲ್ಲ. ಮೇಲಿನವರೂ ಒಪ್ಪಲಿಲ್ಲ."

ಇಷ್ಟೆಲ್ಲ ಆದಮೇಲೂ ಆಗಲಿಲ್ಲ. ಅತ್ತೆಯ ಗುಟ್ಟು ರಟ್ಟಾಯಿತು, ತನ್ನ ಮತವೂ ಹೋಯಿತು. ತಾನು ಅಳುತ್ತಾ ಆ ಮನೆಗೆ ಹೋಗಲೇಬಾರದಿತ್ತು ಅಂತ ಬಣ್ಣದಕ್ಕ ತನ್ನನ್ನೇ ಶಪಿಸಿಕೊಂಡಳು.

"ಸರಿ," ಅಂದರು ಅತ್ತೆ. "ನನ್ನ ಚೀಟಿ ಕೊಡಿ."

ಶಾಯಿ ಹಚ್ಚೋ ಹುಡುಗಿ ಬೆರಳನ್ನು ಹಿಡಿಯಲು ಒದ್ದಾಡಿದಳು, ಗೆರೆ ಉಗುರಿನಿಂದ ಜಾರಿ ಅಂಗೈವರೆಗೂ ಹರಿಯಿತು. ಅತ್ತೆ ಚೀಟಿಯಲ್ಲಿ ಗುರುತು ಹಾಕೋ ಪೆನ್ಸಿಲ್ ತೆಗೆದುಕೊಳ್ಳಲು ಹೋದರು. ಅದು ಕೈಯಿಂದ ಉದುರಿ ನೆಲದ ಮೇಲೆ ಉರುಳಿತು. ಬಗ್ಗಿ ಎತ್ತಿಕೊಟ್ಟವರು ಮೇಷ್ಟ್ರೇ.

"ಕೈಯಲ್ಲಿ ಆಗದವರು ಜೊತೆಗೆ ಒಬ್ಬರನ್ನ ಒಳಗೆ ಕರ್ಕೊಂಡು ಹೋಗಬಹುದು ಅಮ್ಮ," ಅಂತ ತಗ್ಗಿದ ದನಿಯಲ್ಲಿ ಅಂದರು. "ನಿಯಮ ಇದೆ. ಯಾರನ್ನ ಕರೀತೀರಿ?"

"ಇನ್ಯಾರನ್ನ? ಇವಳನ್ನೇ."

ರಟ್ಟಿನ ಮರೆಯ ಹಿಂದೆ ಒಬ್ಬರಿಗಾಗುವಷ್ಟೇ ಜಾಗ. ಬಣ್ಣದಕ್ಕ ಎಂದಿನ ಹಾಗೆ ಅತ್ತೆಯ ಬೆನ್ನ ಹಿಂದೆ ನಿಂತು, ಕಂಕುಳ ಕೆಳಗಿಂದ ತೋಳು ಮುಂದೆ ಚಾಚಿದಳು. ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ.

"ನಿನ್ನ ಯಜಮಾನ ಇದ್ದಿದ್ರೆ ಎಲ್ಲಿ ಹಾಕ್ತಿದ್ದ?" ಅತ್ತೆ ಪಿಸುಗುಟ್ಟಿದರು.

ಅವಳು ನರ್ಸಿನ ಹೆಸರಿನ ಮುಂದಿನ ಚೌಕದಲ್ಲಿ ಪೆನ್ಸಿಲ್ ಇಟ್ಟು ತಡೆದಳು. "ಇದು ನಿಮ್ಮ ವೋಟು ಅತ್ತೆ. ನೀವು ಹೇಳ್ಬೇಕು."

"ನಾನೇ ಕಣೇ ಹೇಳ್ತಿರೋದು. ಈ ಕೈ ಇಟ್ಕೊಂಡು ನಾಳೆ ಆ ಸೇತುವೆ ಮೇಲೆ ಕಾಯೋಳು ನಾನೇ ಅಲ್ವಾ? ಹಾಕು."

ಅವಳು ಪೆನ್ಸಿಲ್ ಒತ್ತಿದಳು. ಅತ್ತೆ ತಮ್ಮ ಕೈಯನ್ನು ತಂದು ಅವಳ ಕೈ ಮೇಲೆ ಇಟ್ಟರು, ನಡುಕ ಅವಳ ಬೆರಳಿಗೂ ಇಳಿಯಿತು. ಗುರುತು ಸೊಟ್ಟಗೆ ಬಂತು. ಆದರೂ ಚೌಕದ ಒಳಗೇ ಇತ್ತು.