ಟಿಕ್ ಅಂದದ್ದು ಯಾರು?

ನಾನು ಹನ್ನೆರಡು ಮೀಟರ್ ಉದ್ದದ ಒಂದು ಮೈಕ್ ವೈರು. ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದರಲ್ಲಿ ಸುರುಳಿಯಿಂದ ಕತ್ತರಿಸಿ, ಎರಡೂ ತುದಿಗೆ ಮೂರು ಪಿನ್ನಿನ ಪ್ಲಗ್ ಬೆಸೆದಾಗ ಹುಟ್ಟಿದೆ. ಬೆಸೆದವನು ನನ್ನನ್ನು ಎರಡೆರಡು ಸಲ ಜಗ್ಗಿ ನೋಡಿದ. ಹುಟ್ಟಿದ ಗಳಿಗೆಯಲ್ಲೇ ನನ್ನ ಮೇಲೆ ಅನುಮಾನ! ಅಂದಿನಿಂದ ನಾನೂ ಯಾರನ್ನೂ ನಂಬಿಲ್ಲ.

ಮೊದಲು ಒಂದು ಭಜನಾ ಮಂಡಳಿಯಲ್ಲಿದ್ದೆ. ತಾಳ ಹಾಕುವವರು ನನ್ನನ್ನು ತುಳಿದೇ ತುಳಿದರು. ಬೇಕೆಂದೇ ತುಳಿಯುತ್ತಾರೆಂದು ನನ್ನ ಗುಮಾನಿ. ಮಂಡಳಿ ಒಡೆದಾಗ ಅಡಿವೆಪ್ಪ ಎಂಬವರು ನನ್ನನ್ನು ಧಾರವಾಡದ ತಮ್ಮ ರೆಕಾರ್ಡಿಂಗ್ ಸ್ಟುಡಿಯೋಕ್ಕೆ ತಂದರು. ಅಲ್ಲಿ ಎಲ್ಲ ವೈರುಗಳಿಗೂ ಒಂದೇ ಗೂಟ. ಪಕ್ಕದಲ್ಲಿ ನೇತಾಡುತ್ತಿದ್ದವನು ದನಿಯನ್ನು ಅಂಕಿಗಳಾಗಿ ಸಾಗಿಸುವ ಡಿಜಿಟಲ್ ವೈರು. ನನ್ನಂಥದೇ ಪ್ಲಗ್, ನನ್ನಂಥದೇ ಕಪ್ಪು ಮೈ, ಜಂಬ ಮಾತ್ರ ಬೇಕಾದಷ್ಟು. ಇವನಲ್ಲೇನೋ ಮೋಸವಿದೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ತುಳಜಾಬಾಯಿ ಎಂಬ ಮುದುಕಿ ಹಳೆಯ ಸ್ಪೂಲ್ ಟೇಪೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಅವರ ತೀರಿಹೋದ ಅಕ್ಕ ಚಂಪಾಬಾಯಿಯ ದನಿ ಉಳಿದಿದ್ದು ಅದೊಂದರಲ್ಲೇ. ಟೇಪಿನ ಅಂಟು ಬಿಟ್ಟಿತ್ತು. ಹದವಾಗಿ ಬಿಸಿ ಮಾಡಿದರೆ ಹೆಚ್ಚೆಂದರೆ ಎರಡು ಸಲ ಓಡೀತು, ಆಮೇಲೆ ಪುಡಿಯೇ ಗತಿ ಎಂದರು ಅಡಿವೆಪ್ಪ.

ರೆಕಾರ್ಡಿಸ್ಟ್ ದಾಕ್ಷಾಯಿಣಿ ಟೇಪನ್ನು ಬಿಸಿ ಮಾಡಿ ಮಷಿನ್ನಿಗೆ ಏರಿಸಿದಳು. ದನಿಯನ್ನು ಚೂರು ಮಾಡಿ ಅಂಕಿಯಾಗಿಸುವ ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ, ಡಿಜಿಟಲ್ ವೈರಿನ ಬದಲು ಕೈಗೆ ಸಿಕ್ಕ ನನ್ನನ್ನೇ ಸಿಕ್ಕಿಸಿದಳು. ಹಿಂದೆಯೂ ಹೀಗೆ ಮಾಡಿದ್ದಳು. ಆಗೆಲ್ಲ ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು, ಸಲೀಸಾಗಿ ದಾಟಿಸಿದ್ದೆ. ಆವತ್ತು ಅಪರೂಪದ ದನಿಯೆಂದು ತೊಂಬತ್ತಾರು ಸಾವಿರಕ್ಕೆ ಏರಿಸಿದಳು.

ಚಂಪಾಬಾಯಿ ಹಾಡಿದರು. ನಡುನಡುವೆ ಟಿಕ್, ಟಿಕ್ ಎಂಬ ಸದ್ದು.

ಟ್ರಂಕಿನಲ್ಲಿ ತೇವಕ್ಕೆ ಇಟ್ಟು ಟೇಪು ಕೆಡಿಸಿದ್ದೀರಿ ಎಂದು ಅಡಿವೆಪ್ಪ ತಪ್ಪನ್ನು ಮುದುಕಿಯ ಮೇಲೆ ಹಾಕಿದರು. ನನಗೂ ಆಕೆಯ ಮೇಲೆಯೇ ಅನುಮಾನ. ಆಮೇಲೆ ಟೇಪ್ ಮಷಿನ್ನಿನ ಮೇಲೆ, ಆಮೇಲೆ ಕಂಪ್ಯೂಟರಿನ ಮೇಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನಗೆ ಹೆಗಲೇ ಇಲ್ಲವಲ್ಲ! ತುಳಜಾಬಾಯಿ, ಅಕ್ಕನ ದನಿಯನ್ನು ನಾನೇ ಕೊಂದೆ ಎಂದು ಅಳುತ್ತಾ ಮನೆಗೆ ಹೋದರು.

ದಾಕ್ಷಾಯಿಣಿಗೆ ಮನಸ್ಸು ಒಪ್ಪಲಿಲ್ಲ. ಮರುದಿನ ಟೇಪನ್ನು ಮುಟ್ಟದೆ ಪೆಟ್ಟಿಗೆಯೊಳಗೆ ಬರೀ ಒಂದು ಶಿಳ್ಳೆಯ ಸದ್ದು ಹರಿಸಿದಳು. ಟಿಕ್ ಅಂದಿತು. ನಲವತ್ತೆಂಟು ಸಾವಿರಕ್ಕೆ ಇಳಿಸಿದಳು, ನಿಂತಿತು. ನನ್ನನ್ನು ಕಿತ್ತು ಗೂಟದ ಆ ಡಿಜಿಟಲ್ ವೈರನ್ನು ಸಿಕ್ಕಿಸಿ ಮತ್ತೆ ತೊಂಬತ್ತಾರಕ್ಕೆ ಏರಿಸಿದಳು. ಶಿಳ್ಳೆ ನಿರ್ಮಲವಾಗಿ ದಾಟಿತು. ಅಷ್ಟು ವೇಗವನ್ನು ತಾಳಿಕೊಳ್ಳುವ ಮೈ ನನ್ನದಲ್ಲ. ನಾಚಿಕೆಯಿಂದ ಸತ್ತೇ ಹೋದೆ.

ನಾಲ್ಕನೆಯ ದಿನ ತುಳಜಾಬಾಯಿಯ ಎದುರಿಗೇ ಟೇಪು ಎರಡನೆಯ ಸಲ ಓಡಿತು. ಒಂದು ಟಿಕ್ ಇಲ್ಲ. ಆದರೆ ಹಾಡಿನ ಕೊನೆಯ ನುಡಿ ಬರುವಷ್ಟರಲ್ಲಿ ಕಂದು ಪುಡಿ ಉದುರಿ ದನಿ ಅಡಗಿತು. ಆ ನುಡಿ ಇನ್ನು ಮೊದಲ ಸಲದ ರೆಕಾರ್ಡಿಂಗಿನಲ್ಲಿ ಮಾತ್ರ, ನನ್ನ ಟಿಕ್ಕುಗಳ ಸಮೇತ.

ಅಡಿವೆಪ್ಪ ಸುಮ್ಮನಿರೆಂದು ಕಣ್ಣಿನಲ್ಲೇ ಹೇಳಿದರು. ದಾಕ್ಷಾಯಿಣಿ ಕೇಳಲಿಲ್ಲ.

"ಅಜ್ಜಿ, ಆ ಟಿಕ್ ಟಿಕ್ ಟೇಪಿಂದಲ್ರೀ. ತಪ್ಪ ನಂದು. ಹಾಕಬಾರದ ವೈರ್ ಹಾಕಿದ್ದೆ."

ಮುದುಕಿ ಅವಳತ್ತ ಬಾಗಿ ಕೇಳಿದರು, "ಹಂಗಾರ ಅಕ್ಕನ ದನಿ ನಾ ಕೆಡಿಸಿಲ್ಲೇನವಾ?"

"ಇಲ್ರೀ, ಅಜ್ಜಿ."

ತುಳಜಾಬಾಯಿ ಕಣ್ಣೊರೆಸಿಕೊಂಡು, ಟಿಕ್ ಇದ್ದರೂ ಸರಿ, ಮೊದಲ ರೆಕಾರ್ಡಿಂಗಿನ ಆ ಕೊನೆಯ ನುಡಿಯನ್ನು ಇನ್ನೊಮ್ಮೆ ಹಾಕು ಎಂದರು.

ಈಗ ನಾನು ಮೆಟ್ಟಿಲ ಕೆಳಗಿನ ಡಬ್ಬದಲ್ಲಿದ್ದೇನೆ. ಪ್ಲಗ್ಗಿಗೆ ಕಿಲುಬು ಹಿಡಿದಿದೆ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋಯಿಸುತ್ತದೆ. ತಪ್ಪು ನಂದು ಎಂಬ ಮಾತನ್ನು ಆ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು. ನನಗೆ ಅದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.