ಕೋಡಿಮೂಲೆಯ ಬೋರ್ಡು

ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ತಿರುವನಂತಪುರದ ಐಟಿ ಪಾರ್ಕಿನಲ್ಲಿ ನಾನು ಟೆಸ್ಟರ್; ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಿ ಹೇಳುವವಳು. ಮೈಸೂರಿನಲ್ಲಿ ನಮ್ಮಮ್ಮ ಇದೇ ಕೆಲಸವನ್ನು ಮೂವತ್ತು ವರ್ಷದಿಂದ ಬಿಟ್ಟಿಯಾಗಿ ಮಾಡಿಕೊಂಡು ಬಂದಿದ್ದಾಳೆ. ಹಾಗಾಗಿ ನನ್ನ ಸಿಟ್ಟು ವಂಶದ್ದೂ ಹೌದು, ಕಸುಬಿನದೂ ಹೌದು.

2006ರಲ್ಲಿ ಅಲ್ಲೇ ಶ್ರೀಕಾರ್ಯಂ ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನರು, ಕಾಸರಗೋಡಿನ ರಾಧಾಕೃಷ್ಣ ಸಾರ್. ಸರಕಾರದ ಯಾವುದೋ ಇಲಾಖೆಯಲ್ಲಿ ಅಂಡರ್ ಸೆಕ್ರೆಟರಿ. ಮನೆಯ ತರಕಾರಿ ಚೀಟಿಯನ್ನೂ ‘ಅನುಮೋದನೆಗಾಗಿ’ ಎಂದು ಬರೆದು ಹೆಂಡತಿ ಸುಶೀಲಮ್ಮನ ಮುಂದೆ ಇಡುವ ಮನುಷ್ಯ. ಸುಶೀಲಮ್ಮ ಒಂದು ದಿನವೂ ಸಹಿ ಹಾಕಿದವರಲ್ಲ, ಚೀಲ ಹಿಡಿದು ತಾವೇ ಹೋಗಿ ತರುತ್ತಿದ್ದರು.

ಒಂದು ಶನಿವಾರ ಸಾರ್ ನೀರಿನ ಟ್ಯಾಂಕಿನ ವಿಷಯ ಮಾತಾಡಲು ಮೇಲೆ ಬಂದಾಗ ನಾನು ಕಂಪ್ಯೂಟರಿನಲ್ಲಿ ಕಾರು ರೇಸಿನ ಆಟ ಆಡುತ್ತಿದ್ದೆ. ಊರು ಅಮೆರಿಕದ್ದು. ಆದರೆ ನನ್ನ ಕಾರಿಗೆ ಕೇರಳದ ಸರಕಾರಿ ಬಸ್ಸಿನ ಕೆಂಪು ಹಳದಿ ಬಣ್ಣ.

"ಈ ಬಣ್ಣ ಅಲ್ಲಿಗೆ ಹೇಗೆ ಹೋಯ್ತು?" ಎಂದರು.

ಹೇಳಿದೆ. ಆಟದಲ್ಲಿ ಗೋಡೆ, ರಸ್ತೆ, ಕಾರು, ಎಲ್ಲದರ ಮೇಲೂ ಒಂದೊಂದು ಚಿತ್ರ ಹೊದೆಸಿರುತ್ತಾರೆ, ಅದಕ್ಕೆ ಟೆಕ್ಸ್ಚರ್ ಅನ್ನುತ್ತಾರೆ. ಆ ಚಿತ್ರ ತೆಗೆದು ನಮ್ಮದನ್ನು ಇಟ್ಟರೆ ಊರೇ ನಮ್ಮದಾಗುತ್ತದೆ.

"ಬೋರ್ಡು ಬದಲಿಸ್ಲಿಕ್ಕೆ ಆಗ್ತದಾ? ಕನ್ನಡದಲ್ಲಿ?"

"ಚಿತ್ರ ತಾನೇ ಸಾರ್. ಯಾವ ಭಾಷೆ ಅಂತ ಅದಕ್ಕೇನು ಗೊತ್ತಾಗತ್ತೆ?"

ಅವರು ಕುರ್ಚಿ ಎಳೆದುಕೊಂಡು ಕೂತರು. ಟ್ಯಾಂಕು ಆಮೇಲೆ ಒಂದು ವಾರ ಸೋರಿತು.

ಆಟವನ್ನು ತಮ್ಮ ಕಂಪ್ಯೂಟರಿಗೂ ಹಾಕಿಸಿಕೊಂಡರು. ಓಣಂ ರಜೆಯಲ್ಲಿ ಊರಿಗೆ ಹೋಗಿ, ತಮ್ಮ ಮನೆಗೆ ಇಳಿಯುವ ಕೋಡಿಮೂಲೆ ಬಸ್‌ಸ್ಟಾಪಿನ ಸುತ್ತಲಿನ ಗೋಡೆ, ಅಂಗಡಿ, ಮೋರಿ ಎಲ್ಲದರ ಫೋಟೊ ಹೊಡೆದು ತಂದರು. ಸ್ಟಾಪಿನ ಹೆಸರಿನ ಬೋರ್ಡನ್ನು ಮಾತ್ರ ಸ್ವಂತ ಕೈಯಿಂದ ಬರೆದರು. ಮೇಲೆ ಮಲಯಾಳ, ನಡುವೆ ಕನ್ನಡ, ಕೆಳಗೆ ಇಂಗ್ಲಿಷ್. ಸರಕಾರಿ ಬೋರ್ಡು ಹಾಗಿದ್ದರೇ ಚೆಂದ ಎಂದು ಅವರ ಮತ. ಅಷ್ಟರಲ್ಲೇ ಕೊಚ್ಚಿಯ ಕನ್ನಡ ಸಂಘದ ಕಾರ್ಯದರ್ಶಿ ಕೃಷ್ಣಾನಂದರಿಗೂ ಫೋನ್ ಹೋಗಿತ್ತು. ಅವರು ನವೆಂಬರಿನ ರಾಜ್ಯೋತ್ಸವದ ಕರೆಯೋಲೆಯಲ್ಲಿ ‘ಕಂಪ್ಯೂಟರಿನಲ್ಲಿ ಕಾಸರಗೋಡು’ ಎಂದು ಅಚ್ಚು ಹಾಕಿಸಿಬಿಟ್ಟರು. ಒಂದು ಸಲವೂ ಓಡಿಸಿ ನೋಡದ ವಸ್ತುವನ್ನು ಅಚ್ಚು ಹಾಕಿಸುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ.

ಅದೇ ಹೊತ್ತಿಗೆ ಆಫೀಸಿನವರು ನನ್ನನ್ನು ಎರಡು ತಿಂಗಳ ಮಟ್ಟಿಗೆ ಕೊಚ್ಚಿಗೆ ಅಟ್ಟಿದರು. ಹೊರಡುವ ಮುಂಚೆ ಸಾರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಹಳೆ ಚಿತ್ರ ತೆಗೆಯಿರಿ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹೊಸದು ಇಡಿ. ಇದರಲ್ಲಿ ತಪ್ಪಲು ಏನೂ ಇಲ್ಲ ಎಂದುಕೊಂಡಿದ್ದೆ. ಸರಕಾರಿ ನೌಕರಿಯ ಅನುಭವ ನನಗಿರಲಿಲ್ಲ.

ನಾಲ್ಕನೇ ದಿನ ಫೋನ್ ಬಂತು. "ಅಶ್ವಿತಾ, ಊರೆಲ್ಲ ಬಿಳಿ ಆಗಿದೆ ಮಾರಾಯ್ತಿ. ಗೋಡೆ ಬಿಳಿ, ರಸ್ತೆ ಬಿಳಿ. ಬೋರ್ಡೂ ಬಿಳಿ."

"ಫೈಲಿಗೆ ಏನು ಹೆಸರು ಕೊಟ್ರಿ ಸಾರ್?"

"ಆಫೀಸಿನ ಕಡತದ ಹಾಗೆ ನಂಬ್ರ ಕೊಟ್ಟಿದ್ದೇನೆ. ಎ ಮೂರು, ಒಂದರಿಂದ ನಲವತ್ತೆರಡು, ಎರಡು ಸಾವಿರದ ಆರು. ನಡುವೆ ಓರೆಗೆರೆ ಹಾಕ್ಲಿಕ್ಕೆ ಈ ಕಂಪ್ಯೂಟರ್ ಬಿಡುದಿಲ್ಲ. ಓರೆಗೆರೆ ಇಲ್ಲದ ನಂಬ್ರ ಎಂತ ನಂಬ್ರ? ಅಡ್ಡಗೆರೆ ಹಾಕಿ ಸುಧಾರಿಸಿದೆ."

"ಹಳೆ ಚಿತ್ರಗಳು?"

"ರೆಕಾರ್ಡ್ ರೂಮ್ ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಭದ್ರ ಇಟ್ಟಿದ್ದೇನೆ. ಮೂಲ ಕಡತ ನಾಶ ಮಾಡ್ಲಿಕ್ಕಿಲ್ಲ."

ಹಣೆ ಚಚ್ಚಿಕೊಂಡೆ. ಆಟ ಹಳೆ ಹೆಸರು ಹಿಡಿದೇ ಚಿತ್ರ ಹುಡುಕುತ್ತದೆ, ಸಿಗದಿದ್ದರೆ ಬಿಳಿ ಬಳಿದು ಕೂರುತ್ತದೆ, ಹೊಸ ಚಿತ್ರಕ್ಕೆ ಹಳೆ ಹೆಸರೇ ಇಡಬೇಕು ಎಂದು ಬಿಡಿಸಿ ಹೇಳಿದೆ.

"ಹಳೆ ಹೆಸರಿನ ಕೆಳಗೆ ಹೊಸ ಕಾಗದ ಸೇರಿಸುದಕ್ಕೆ ಎಂತ ಹೇಳ್ತಾರೆ ಗೊತ್ತುಂಟಾ? ಫೋರ್ಜರಿ. ಮೂವತ್ತೆರಡು ವರ್ಷ ಸರ್ವಿಸಲ್ಲಿ ನಾನು ಮಾಡ್ಲಿಲ್ಲ. ಈಗ ಮಾಡುದೂ ಇಲ್ಲ."

ಮೂರು ವಾರದಲ್ಲಿ ಒಂಬತ್ತು ಸಲ ಇದೇ ವಾದ ನಡೆಯಿತು. ಹತ್ತನೇ ಸಲ ನಾನು ರೇಗಿ, ಒಂದು ಆಟಕ್ಕೆ ಇಷ್ಟೆಲ್ಲ ಯಾಕೆ, ಬಿಟ್ಟುಬಿಡಿ ಎಂದುಬಿಟ್ಟೆ. ಫೋನು ಸುಶೀಲಮ್ಮನ ಕೈಗೆ ಹೋಯಿತು.

"ಆಟ ಅಲ್ಲ ಅದು ಅವರಿಗೆ," ಎಂದರು ತಗ್ಗಿದ ದನಿಯಲ್ಲಿ. "ಇವರ ಅಕ್ಕ ಸುಮಿತ್ರಕ್ಕನನ್ನು ಕೊಟ್ಟದ್ದು ಧಾರವಾಡಕ್ಕೆ. ಮಾವ ತೀರಿಹೋದಾಗ ಅವರು ಒಬ್ಬರೇ ಬಸ್ಸಲ್ಲಿ ಬಂದ್ರು. ರಸ್ತೆ ಅಗಲ ಮಾಡಿ, ಅವರಿಗೆ ಗುರ್ತ ಇದ್ದ ಮರ, ಕಟ್ಟೆ ಎಲ್ಲ ತೆಗೆದಿದ್ರು. ಕೋಡಿಮೂಲೆಯಲ್ಲಿ ಬೋರ್ಡು ಇತ್ತು, ಮಲಯಾಳದ್ದು ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ಅವರಿಗೆ ಅದು ಓದ್ಲಿಕ್ಕೆ ಬರುದಿಲ್ಲ. ಆರು ಮೈಲು ಮುಂದೆ ಹೋಗಿ ಇಳಿದು ವಾಪಸ್ ಬರುವಾಗ ಚಿತೆಗೆ ಬೆಂಕಿ ಕೊಟ್ಟಾಗಿತ್ತು. ಅಪ್ಪನ ಮುಖ ನೋಡ್ಲಿಕ್ಕೆ ಸಿಕ್ಕಲಿಲ್ಲ. ಹನ್ನೊಂದು ವರ್ಷದಿಂದ ಇವರು ಆ ಬೋರ್ಡಿಗೆ ಕನ್ನಡ ಹಾಕಿ ಅಂತ ಅರ್ಜಿ ಬರೀತಾ ಇದ್ದಾರೆ. ಮೇಯಲ್ಲಿ ರಿಟೈರ್. ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಅಂತ."

ನನಗೆ ನಾಚಿಕೆಯಾಯಿತು. ಸಿಟ್ಟೇನೂ ಹೋಗಲಿಲ್ಲ, ಆದರೆ ಯಾರ ಮೇಲೆ ಮಾಡಿಕೊಳ್ಳಬೇಕು ಎಂಬುದು ಬದಲಾಯಿತು.

ರಾಜ್ಯೋತ್ಸವದ ಭಾನುವಾರ ಸಾರ್ ಬೆಳಗಿನ ರೈಲಿನಲ್ಲಿ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೊಚ್ಚಿಯ ಎರ್ನಾಕುಳಂ ಸ್ಟೇಷನ್ನಿಗೆ ಬಂದರು. ರೈಲು ತಡವಾಗಿ, ನನಗೆ ಮುಟ್ಟಿ ನೋಡಲೂ ಪುರುಸೊತ್ತು ಸಿಗಲಿಲ್ಲ, ನೇರ ವೇದಿಕೆಗೆ. ಕೃಷ್ಣಾನಂದರು ನಾಡು, ನುಡಿ, ಸಂಸ್ಕೃತಿ ಎಂದು ಮುಕ್ಕಾಲು ಗಂಟೆ ಮಾತಾಡಿ ಪರದೆ ತೋರಿಸಿದರು. ಪರದೆಯ ಮೇಲೆ ಹಾಲಿನಂಥ ಬಿಳಿಯ ಊರು.

"ಕಾಸರಗೋಡಲ್ಲಿ ಹಿಮ ಬೀಳಾಕ ಹತ್ತೈತೇನ್ರೀ?" ಎಂದು ಬಳ್ಳಾರಿಯ ಓಂಕಾರಪ್ಪನವರು ಹಿಂದಿನ ಸಾಲಿನಿಂದ ಕೇಳಿದರು. ಸಭೆ ನಕ್ಕಿತು. ಸಾರ್ ನಗಲಿಲ್ಲ. ನಾನು ಎದ್ದು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಸಾರ್, ಮೇಯಲ್ಲಿ ನೀವು ರಿಟೈರ್ ಆದ ಮೇಲೆ ನಿಮ್ಮ ಕುರ್ಚಿಯಲ್ಲಿ ಯಾರು ಕೂರ್ತಾರೆ?"

"ಯಾರಾದ್ರೂ ಬರ್ತಾರೆ."

"ಬಾಗಿಲ ಮೇಲೆ ಅಂಡರ್ ಸೆಕ್ರೆಟರಿ ಅಂತಾನೇ ಇರತ್ತಲ್ವಾ? ಹುದ್ದೆ ಅದೇ, ಆಳು ಬೇರೆ. ಅದು ಫೋರ್ಜರಿನಾ?"

"ಅಲ್ಲ. ಅದು ಚಾರ್ಜ್ ಹ್ಯಾಂಡ್ಓವರ್."

"ಇದೂ ಅಷ್ಟೇ ಸಾರ್. ಫೈಲಿನ ಹೆಸರು ಹುದ್ದೆ. ಚಿತ್ರ ಆಳು."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಎಂದು ಕೀಬೋರ್ಡು ನನ್ನ ಕಡೆ ತಳ್ಳಿದರು.

ನಲವತ್ತೆರಡು ಹೆಸರು ಬದಲಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಕೃಷ್ಣಾನಂದರು ಸಭೆಯಿಂದ ನಾಡಗೀತೆ ಎರಡು ಸಲ ಹಾಡಿಸಿದರು. ಮತ್ತೆ ಆಟ ಶುರುವಾದಾಗ ಕೋಡಿಮೂಲೆ ಇತ್ತು. ಮೋರಿ, ಹಂಚಿನ ಅಂಗಡಿ, ಬೀಡಿ ಜಾಹೀರಾತಿನ ಗೋಡೆ, ಕೆಂಪು ಮಣ್ಣಿನ ಬದಿ. ಸಾರ್ ಬಸ್ಸಿನ ಬಣ್ಣದ ಕಾರನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದರು. ದೂರದಲ್ಲಿ ಬೋರ್ಡು. ದೂರಕ್ಕೆ ಆಟ ಚಿತ್ರವನ್ನು ಮಸುಕು ಮಾಡುತ್ತದೆ. ದಪ್ಪ ಅಕ್ಷರದ ಮಲಯಾಳ ಮಾತ್ರ ಕಂಡಿತು.

"ಎಲ್ಲೈತ್ರೀ ಕನ್ನಡ?" ಓಂಕಾರಪ್ಪನವರೇ.

"ಹತ್ತಿರ ಹೋಗ್ಬೇಕು," ಎಂದರು ಸಾರ್, ತಿರುಗದೆ.

ಹತ್ತಿರ ಹೋದ ಹಾಗೆ ನಡುವಿನ ಸಾಲು ತಿಳಿಯಾಗುತ್ತ ಬಂತು. ಕೋಡಿಮೂಲೆ. ಸಭೆ ಚಪ್ಪಾಳೆ ತಟ್ಟಿತು. ಹಿಂದೆಯೇ ಅಕ್ಷರ ಸಣ್ಣದಾಯಿತು, ಕನ್ನಡವೇ ಮೇಲಿರಬೇಕಿತ್ತು, ಪಕ್ಕದ ಗೋಡೆಯಲ್ಲಿ ಸಂಘದ ಹೆಸರು ಹಾಕಬಹುದಿತ್ತು ಎಂದು ಸಲಹೆಗಳೂ ಬಂದವು. ಕೃಷ್ಣಾನಂದರು ಉಪಸಮಿತಿ ಘೋಷಿಸಿದರು. ಆಮೇಲೆ ಊಟದ ಗಂಟೆ ಹೊಡೆಯಿತು, ಉಪಸಮಿತಿ ಸಮೇತ ಎಲ್ಲರೂ ಎದ್ದು ಹೋದರು.

ಸಾರ್ ಏಳಲಿಲ್ಲ. ಬೋರ್ಡಿನ ಎದುರು ಕಾರು ನಿಲ್ಲಿಸಿ ಕೂತಿದ್ದರು. ರೇಸಿನ ಉಳಿದ ಕಾರುಗಳು ಪಕ್ಕದಿಂದ ಬುರ್ರೆಂದು ಹೋಗುತ್ತಿದ್ದವು.

"ಅಶ್ವಿತಾ, ಎಂತ ಒತ್ತಿದ್ರೆ ಬಾಗಿಲು ತೆಗೀತದೆ?"

"ಇದರಲ್ಲಿ ಇಳಿಯೋಕಾಗಲ್ಲ ಸಾರ್. ಓಡಿಸೋದು ಮಾತ್ರ."

ಅವರು ತಲೆಯಾಡಿಸಿದರು. ಕಾರನ್ನು ಒಂದಿಷ್ಟು ರಸ್ತೆಯ ಅಂಚಿಗೆ ಸರಿಸಿದರು.

"ನೀನು ಊಟ ಮಾಡಿ ಬಾ," ಎಂದರು. "ನಾನು ಸ್ವಲ್ಪ ಹೊತ್ತು ನಿಲ್ಲಿಸ್ತೇನೆ. ಇಳಿಯುವವರು ಯಾರಾದ್ರೂ ಇದ್ರೆ ಇಳಿಯಲಿ."